ತಣ್ಣಗಿದ್ದ ಲ್ಯಾಪ್‌ಟಾಪ್

"ಇದು ಒಳ್ಳೇದಾ ಕೆಟ್ಟದ್ದಾ, ಅಷ್ಟು ಹೇಳಿ ಸಾಕು. ಮಾರಿಬಿಡ್ತೀನಿ," ಎಂದಳು ಬಂದವಳು. ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಕೊಟ್ಟ ನೀರು ಲೋಟದಲ್ಲಿ ಹಾಗೇ ಇತ್ತು.

ಅವಳು ಚಾಚಿದ ಫೋನನ್ನು ತಕ್ಕಡಿ ಇಸಕೊಂಡು ನೋಡಿದಳು. ಲ್ಯಾಪ್‌ಟಾಪು, ಫೋನುಗಳ ಒಳಿತು ಕೆಡುಕು ತೂಗಿ ಪತ್ರಿಕೆಗೆ ಬರೆಯುವುದು ಅವಳ ಕೆಲಸ. ಹಾಗಾಗಿ ಕಚೇರಿಯವರು ಅವಳಿಗೆ ಇಟ್ಟ ಹೆಸರು ತಕ್ಕಡಿ. ಈಗ ಮನೆಯಲ್ಲಿ ದೊಡ್ಡಮ್ಮನೂ ಹಾಗೇ ಕರೆಯುತ್ತಿದ್ದರು. ಚಿತ್ರದಲ್ಲಿದ್ದದ್ದು ಆಟಕ್ಕೆಂದೇ ಮಾಡಿದ ಪುಟ್ಟ ಲ್ಯಾಪ್‌ಟಾಪ್. ಇದೇ ಮಾದರಿಯನ್ನು ಅವಳು ಪರೀಕ್ಷಿಸಿದ್ದಳು.

"ಒಳ್ಳೇದೇ. ಯಾಕೆ ಮಾರ್ತೀರಿ?"

"ನನ್ನ ತಮ್ಮಂದು. ಅವನು ತೀರಿಕೊಂಡು ನಾಲ್ಕು ತಿಂಗಳಾಯ್ತು." ಅವಳು ಫೋನು ವಾಪಸು ತೆಗೆದುಕೊಂಡಳು. "ಆದರೆ ಅವನು ಇನ್ನೂ ಆಡ್ತಿದ್ದಾನೆ."

ಅಷ್ಟರವರೆಗೆ ಕಿಟಕಿಯ ಬಳಿ ಪೇಪರು ಓದುತ್ತಿದ್ದ ದೊಡ್ಡಮ್ಮ ಕನ್ನಡಕ ತೆಗೆದು ಇತ್ತ ತಿರುಗಿದರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಆ ಕಟ್ಟಡದಲ್ಲಿ ಏನು ಕಳೆದರೂ, ಯಾರಿಗೆ ಏನು ಬಗೆಹರಿಯದಿದ್ದರೂ ಜನ ಬಂದು ತಟ್ಟುತ್ತಿದ್ದದ್ದು ಅವರ ಬಾಗಿಲನ್ನೇ. "ಮೊದಲಿಂದ ಹೇಳಮ್ಮ," ಎಂದರು.

ಅದೇ ಕಟ್ಟಡದ ಮೂರನೇ ಮಹಡಿಯ ಮನೆಯ ಮಗಳು ಆಕೆ. ಹೇಳಿದ್ದಿಷ್ಟು. ತಮ್ಮ ರಸ್ತೆ ಅಪಘಾತದಲ್ಲಿ ಹೋದ. ತಾಯಿ ಅವನ ಕೋಣೆಯನ್ನು ಇದ್ದ ಹಾಗೇ ಇಟ್ಟಿದ್ದಾರೆ. ಮೇಜಿನ ಮೇಲಿನ ಲ್ಯಾಪ್‌ಟಾಪಿಗೆ ಕಸೂತಿ ಬಟ್ಟೆ ಹೊದಿಸಿ, ಯಾರೂ ತೆಗೆಯಕೂಡದು ಅಂದಿದ್ದಾರೆ. ಈಗ ಕೆಲವು ವಾರಗಳಿಂದ, ಸಂಜೆ ಬೆಳಕು ಇಳಿಯುವ ಹೊತ್ತಿಗೆ, ಮುಚ್ಚಿದ ಬಾಗಿಲ ಆಚೆಯಿಂದ ಲ್ಯಾಪ್‌ಟಾಪಿನ ಫ್ಯಾನಿನ ಸದ್ದು. ಏರುತ್ತದೆ, ಇಳಿಯುತ್ತದೆ, ಯಾರೋ ಓಡಿಬಂದು ಉಸಿರು ಬಿಟ್ಟ ಹಾಗೆ. ತಾಯಿ ಬಾಗಿಲು ತೆರೆದರೆ ಸದ್ದು ನಿಂತುಬಿಡುತ್ತದೆ. ಒಳಗೆ ಯಾರೂ ಇಲ್ಲ.

"ಮನೆ ಖಾಲಿ ಮಾಡಬೇಕು ನಾವು, ಈ ತಿಂಗಳೇ. ಅಮ್ಮ ಹೆಜ್ಜೆ ಕೀಳಲ್ಲ ಅಂತಾರೆ. ಅವನು ಮನೇಲಿರೋವಾಗ ನಾನು ಹೇಗೆ ಬರ್ಲಿ ಅಂತಾರೆ. ಊಟ ಬಿಟ್ಟಿದ್ದಾರೆ. ಅವರನ್ನೂ ಕಳಕೊಳ್ತೀನೇನೋ ಅಂತ ಭಯ." ಅವಳ ದನಿ ಗಡುಸಾಯಿತು. "ಇದು ಅವನ ಗೆಳೆಯನ ಕೆಲಸ. ಇನ್ನು ನಮ್ಮ ಮನೆ ಹೊಸಿಲು ತುಳೀಬೇಡ ಅಂದಿದ್ದೀನಿ."

"ಅವನ ಮೇಲೇ ಯಾಕೆ?"

"ಆ ಸಂಜೆಗಳಲ್ಲೇ ತಮ್ಮ ಅವರ ಆನ್‌ಲೈನ್ ಆಟದೊಳಗೆ ಬರ್ತಿದ್ದಾನೆ ಅಂತ ಹೇಳಿದವನೇ ಅವನು."

ಮರುದಿನ ಮಧ್ಯಾಹ್ನ ಇಬ್ಬರೂ ಮೂರನೇ ಮಹಡಿಗೆ ಹತ್ತಿದರು. ಕೋಣೆಯಲ್ಲಿ ಹಾಸಿಗೆಯ ಸುಕ್ಕು ಕೂಡ ಹಾಗೇ ಇತ್ತು. ಕುರ್ಚಿಯ ಬೆನ್ನಿಗೆ ಅಂಗಿ. ಮೇಜಿನ ಮೇಲೆ ಬಟ್ಟೆಯಡಿಯಲ್ಲಿ ಚಪ್ಪಟೆಯ ಆಕಾರ, ನೆಲದಲ್ಲಿ ಇಟ್ಟಿಗೆಯಷ್ಟು ದಪ್ಪದ ಚಾರ್ಜರು. ಅದರ ವಯರಿನ ತುದಿ ಬಟ್ಟೆಯೊಳಗೆ ಮಾಯವಾಗಿತ್ತು. ತಕ್ಕಡಿಗೆ ಅಲ್ಲಿ ಜೋರಾಗಿ ಉಸಿರಾಡಲೂ ಮನಸ್ಸಾಗಲಿಲ್ಲ.

ತಾಯಿ ಬಾಗಿಲಲ್ಲೇ ನಿಂತರು. "ಬಟ್ಟೆ ತೆಗೀಬೇಡಿ."

"ಇಲ್ಲ ತಾಯಿ. ಸದ್ದು ಬಂದಾಗ ನೀವು ತೆಗೆದು ನೋಡಿದ್ದೀರಾ?"

"ಇಲ್ಲ. ಬಟ್ಟೆ ಮೇಲೇ ಕೈಯಿಟ್ಟೆ, ಪ್ರತಿ ಸಲ." ಅವರು ಅಂಗೈಯನ್ನೇ ನೋಡಿಕೊಂಡರು. "ತಣ್ಣಗಿರುತ್ತೆ. ಆಸ್ಪತ್ರೇಲಿ ಕೊನೇ ಸಲ ಅವನ ಹಣೆ ಮುಟ್ಟಿದೆನಲ್ಲ, ಹಾಗೆ."

ದೊಡ್ಡಮ್ಮ ಗೋಡೆಯ ಕಪಾಟು ತೆರೆದು ಅದರ ಬೆನ್ನಿನ ಹಲಗೆಗೆ ಬೆರಳಿಂದ ಬಡಿದರು. ಟೊಳ್ಳು ಸದ್ದು ಬಂತು. ಹಲಗೆಯ ಆಚೆಯಿಂದ ರೇಡಿಯೋ ಸಣ್ಣಗೆ ಕೇಳುತ್ತಿತ್ತು.

"ಪಕ್ಕದ್ದು ಯಾರ ಕೋಣೆ?"

"ಅಪ್ಪಂದು," ಎಂದಳು ಮಗಳು.

ತಂದೆ ನಕ್ಷೆ ಬರೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ನಡುಮನೆಗೆ ಬಂದು ಕೂತರು. "ನಂಗೆ ಯಾವ ಸದ್ದೂ ಕೇಳಿಸಿಲ್ಲ. ಇವಳಿಗೆ ನಿದ್ದೆ ಇಲ್ಲ, ಅದಕ್ಕೇ," ಎಂದರು. ದೊಡ್ಡಮ್ಮನ ಕಣ್ಣು ಷೋಕೇಸಿನ ಮೇಲಿತ್ತು. ಅಲ್ಲಿ ಬಿಸ್ಕತ್ತಿನ ಡಬ್ಬಿಯ ತುಂಬ ಚದುರಂಗದ ಕಾಯಿಗಳು. ಪಕ್ಕದಲ್ಲಿ ಧೂಳಿಲ್ಲದ ಒಂದು ಚೌಕ.

"ಆಡ್ತೀರಾ?"

"ಮುಂಚೆ ಆಡ್ತಿದ್ವಿ, ಅವನು ಚಿಕ್ಕವನಿದ್ದಾಗ. ಆಮೇಲೆ ಅವನಿಗೆ ಕಂಪ್ಯೂಟರ್ ಬಂತು."

"ಹಲಗೆ ಕಾಣ್ತಿಲ್ಲ."

"ಎಲ್ಲೋ ಇರ್ಬೇಕು," ಎಂದು ತಂದೆ ರೇಡಿಯೋ ಕಡೆಗೆ ಎದ್ದು ಹೋದರು.

ಗೆಳೆಯ ಕೆಳಗೆ ಗೇಟಿನ ಬಳಿ ಸಿಕ್ಕ. ಆಟದ ತಂಡಕ್ಕೆ ಮುಂದಾಳಾದ್ದರಿಂದ ಎಲ್ಲರ ಬಾಯಲ್ಲೂ ಅವನು ಕಪ್ತಾನ. "ನಾನ್ಯಾಕೆ ಮಾಡ್ಲಿ ಆಂಟಿ? ಮೊದಲ ಸಲ ತಂಡದ ಪಟ್ಟಿಯಲ್ಲಿ ಅವನ ಹೆಸರು ಬೆಳಗಿದ್ದು ನೋಡಿ ಫೋನ್ ಕೈಯಿಂದ ಬಿತ್ತು ನಂಗೆ."

"ಬಂದು ಏನು ಮಾಡ್ತಾನೆ?"

"ಏನೂ ಇಲ್ಲ. ಕೊನೇ ದಿನ ಆಟ ನಿಲ್ಲಿಸಿದ ಜಾಗದಲ್ಲೇ, ದೀಪಸ್ತಂಭದ ಹತ್ತಿರ ನಿಂತಿರ್ತಾನೆ. ಕರೆದ್ರೆ ಮಾತಿಲ್ಲ. ಮೈಮೇಲೆ ಬಾಣ ಬಿದ್ರೂ ಕದಲಲ್ಲ. ಒಂದು ಗಂಟೆ ಆಗೋದ್ರೊಳಗೆ ಹೋಗಿಬಿಡ್ತಾನೆ. ನಮ್ಮವನು ಬದುಕಿದ್ದಾಗ ಒಂದು ನಿಮಿಷ ಸುಮ್ಮನೆ ನಿಂತ ಆಸಾಮಿ ಅಲ್ಲ."

"ಅವನ ಲ್ಯಾಪ್‌ಟಾಪಿನ ಪಿನ್ ನಿನಗೆ ಗೊತ್ತಾ?"

"ಅವನಿಗೇ ನೆನಪಿರ್ತಿರಲಿಲ್ಲ. ಬೆರಳಿಟ್ಟು ತೆಗೀತಿದ್ದ."

ಮನೆಗೆ ಬಂದ ಮೇಲೆ ದೊಡ್ಡಮ್ಮ ಕಾಲು ಚಾಚಿ ಕೂತು, "ನಿನ್ನ ತಕ್ಕಡಿ ತೆಗಿ. ಆ ಲ್ಯಾಪ್‌ಟಾಪಿನ ಒಳಿತು ಏನೇನು?" ಎಂದರು.

"ವೇಗ ಚೆನ್ನಾಗಿದೆ. ಪುಟ್ಟದು, ದಪ್ಪ ಪುಸ್ತಕದಷ್ಟೇ. ಒಂದೇ ಕೈಯಲ್ಲಿ ಎತ್ತಬಹುದು."

"ಕೆಡುಕು?"

"ಚಾರ್ಜರೇ ಒಂದು ಹೊರೆ. ಅದಿಲ್ಲದೆ ಆಟ ಆಡಿದರೆ ಒಂದು ಗಂಟೆಗೂ ಬಾರದು ಬ್ಯಾಟರಿ. ಫ್ಯಾನು ಬೊಬ್ಬೆ ಹಾಕುತ್ತೆ. ಅಷ್ಟು ಸಣ್ಣ ಮೈಯಲ್ಲಿ ಬಿಸಿ ಎಲ್ಲಿ ಹೋಗ್ಬೇಕು? ಆಡಿದ ಮೇಲೆ ಬಹಳ ಹೊತ್ತು ಕಾವು ಆರಲ್ಲ."

"ಸಾಕು. ನಾಳೆ ಸಂಜೆ ಎಲ್ಲರನ್ನೂ ಆ ಕೋಣೆಗೆ ಕರೆಸು. ಕಪ್ತಾನನನ್ನೂ. ಆ ಹುಡುಗಿ ಮುಖ ಊದಿಸಿಕೊಂಡರೂ ಪರವಾಗಿಲ್ಲ."

ಬೆಳಕು ಇಳಿಯುವ ಹೊತ್ತಿಗೆ ಎಲ್ಲರೂ ಆ ಕೋಣೆಯಲ್ಲಿ ಸೇರಿದ್ದರು, ತಕ್ಕಡಿ ಬಾಗಿಲಿಗೆ ಒರಗಿ ನಿಂತಿದ್ದಳು. ಯಾರೂ ದೀಪ ಹಾಕಲಿಲ್ಲ. ಬಟ್ಟೆಯ ಕಸೂತಿ ಹೂಗಳು ಒಂದೊಂದಾಗಿ ಕಪ್ಪಾದವು. ತಾಯಿ ಕಿವಿ ಕೊಟ್ಟು ಕಾದರು. ತಕ್ಕಡಿಗೆ ಬಾಗಿಲ ಹೊರಗೆ ಯಾರೋ ನಿಂತ ಹಾಗನ್ನಿಸಿತು, ತಿರುಗಿ ನೋಡುವ ಧೈರ್ಯ ಬರಲಿಲ್ಲ. ಸದ್ದು ಮಾತ್ರ ಬರಲಿಲ್ಲ.

"ಇವತ್ತು ಬರಲ್ಲ ತಾಯಿ," ಎಂದರು ದೊಡ್ಡಮ್ಮ ಮೆಲ್ಲಗೆ. "ಸದ್ದು ಮಾಡೋರು ನಮ್ಮ ಜೊತೆ ಕೂತಿದ್ದಾರೆ."

ಮಗಳು ಕಪ್ತಾನನನ್ನು ದುರುಗುಟ್ಟಿ ನೋಡಿದಳು.

"ಅವನಲ್ಲ. ಆಟ ಬಲ್ಲವನು ಬಾಣ ಬಿದ್ದರೆ ಪಕ್ಕಕ್ಕೆ ಸರೀತಾನೆ. ಅಲ್ಲಿ ನಿಂತದ್ದು ಯಾವ ಕೀ ಒತ್ತಬೇಕು ಅಂತಲೇ ಗೊತ್ತಿಲ್ಲದ ಕೈ. ಅದೂ ಅಲ್ಲದೆ, ಸದ್ದು ಈ ಮನೆಯೊಳಗೇ ಕೇಳಿಸಿದ್ದು. ಬೇಡ ಅಂದ ಮೇಲೆ ಇವನು ಹೊಸಿಲು ದಾಟಿಯೇ ಇಲ್ಲ, ಆದರೂ ಸದ್ದು ನಿಂತಿಲ್ಲ." ದೊಡ್ಡಮ್ಮ ತಾಯಿಯ ಕಡೆ ತಿರುಗಿದರು. "ಫ್ಯಾನು ಕೂಗಿದ್ದು ನಿಜ. ನಿಮಗೆ ಭ್ರಮೆ ಹಿಡಿದಿಲ್ಲ. ಆದರೆ ಆಡಿದ ಲ್ಯಾಪ್‌ಟಾಪ್ ಕಾದಿರಬೇಕು, ನಿಮ್ಮ ಕೈಗೆ ಸಿಕ್ಕಿದ್ದು ತಣ್ಣಗಿತ್ತು. ಎರಡೂ ನಿಜವಾದರೆ, ಆ ಹೊತ್ತಿನಲ್ಲಿ ಬಟ್ಟೆಯ ಕೆಳಗೆ ಇದ್ದದ್ದು ಲ್ಯಾಪ್‌ಟಾಪ್ ಅಲ್ಲ."

ಎಲ್ಲರೂ ಬಟ್ಟೆಯತ್ತ ತಿರುಗಿದರು, ದೊಡ್ಡಮ್ಮ ಮುಂದುವರಿಸಿದರು.

"ಪುಟ್ಟದಾದ್ದರಿಂದ ಎತ್ತಿಕೊಂಡು ಹೋಗೋದು ಸುಲಭ. ಅದರ ಜಾಗದಲ್ಲಿ ಅಷ್ಟೇ ಅಳತೆಯ ಇನ್ನೇನೋ ಇಟ್ಟರೆ ಗೊತ್ತಾಗಲ್ಲ. ಚಾರ್ಜರ್ ಮಾತ್ರ ಒಯ್ಯೋ ಹಾಗಿಲ್ಲ, ವಯರು ಬಟ್ಟೆಯಿಂದ ಹೊರಬಿದ್ದರೆ ನೀವು ಗಮನಿಸ್ತೀರಿ. ಅದಕ್ಕೇ ಒಂದು ಗಂಟೆ ಆಗೋದ್ರೊಳಗೆ ಅವನು ಮಾಯ, ಬ್ಯಾಟರಿ ಮುಗಿದು. ಹತ್ತಿರದಲ್ಲೇ ಆಗಿರಬೇಕು. ಸದ್ದು ಈ ಕಪಾಟಿನ ಹಲಗೆ ದಾಟಿ ಬರ್ತಿತ್ತು. ನೀವು ಬಾಗಿಲು ತೆಗೆದ ಸದ್ದು ಆಚೆ ಕೇಳಿಸಿದರೆ ಲ್ಯಾಪ್‌ಟಾಪ್ ಮುಚ್ಚಿಬಿಟ್ಟರಾಯ್ತು." ಅವರು ತಂದೆಯನ್ನು ನೋಡಿದರು. "ನಡುಮನೆಯಲ್ಲಿದ್ದ ನಿಮ್ಮ ಮನೆಯವರಿಗೆ ಕೇಳಿಸಿದ್ದು, ಹಲಗೆಯ ಪಕ್ಕದಲ್ಲಿದ್ದ ನಿಮಗೆ ಕೇಳಿಸಲಿಲ್ಲ ಅಂದಿರಿ. ಅಲ್ಲೇ ಸಿಕ್ಕಿಬಿದ್ದಿರಿ."

ತಂದೆ ಎದ್ದರು. ತಮ್ಮ ಕೋಣೆಯಿಂದ ಮಡಿಸಿದ ಚದುರಂಗದ ಹಲಗೆ ತಂದು ಮೇಜಿನ ಮೇಲೆ, ಬಟ್ಟೆ ಹೊದ್ದ ಆಕಾರದ ಪಕ್ಕದಲ್ಲಿ ಇಟ್ಟರು. ಎರಡೂ ಒಂದೇ ಅಳತೆ.

"ತೆಗೆಯೋದು ಹೇಗೆ ಅಪ್ಪ?" ಎಂದಳು ಮಗಳು. "ಅವನ ಬೆರಳು ಬೇಕಲ್ಲ."

"ಹೊಸದು ತಂದ ದಿನ ನನ್ನ ಬೆರಳನ್ನೂ ಒತ್ತಿಸಿಕೊಂಡಿದ್ದ. ಚದುರಂಗ ಸಾಕು, ಇಲ್ಲಿ ಬಂದು ಸೋಲು ಅಂತ ನಕ್ಕಿದ್ದ."

ತಾಯಿ ಗಂಡನನ್ನೇ ನೋಡುತ್ತಿದ್ದರು. "ಏನ್ ಮಾಡ್ತೀರಿ ಅದರಲ್ಲಿ, ಆಡೋಕೆ ಬರದೆ?"

"ಏನೂ ಮಾಡಲ್ಲ ಕಣೇ. ನೋಡ್ತೀನಿ. ಏನೂ ಒತ್ತದೆ ಬಿಟ್ಟರೆ ಅವನು ಸುಮ್ಮನೆ ನಿಂತಿರ್ತಾನೆ. ನಿಂತಲ್ಲೇ ಉಸಿರಾಡ್ತಾನೆ. ಭುಜ ಏರುತ್ತೆ, ಇಳಿಯುತ್ತೆ." ಅವರು ಹೆಂಡತಿಯ ಕಡೆ ತಿರುಗಿದರು. "ನಿಂಗೆ ತೋರಿಸಿದ್ರೆ ನೀನು ಈ ಮನೆ ಬಿಟ್ಟು ಬರಲ್ಲ ಅಂತ ಬಚ್ಚಿಟ್ಟೆ. ಬಚ್ಚಿಟ್ಟಿದ್ದಕ್ಕೇ ಹೀಗಾಯ್ತು."

ತಾಯಿ ಮೇಜಿನ ಬಳಿ ಬಂದರು. ತಾವೇ ಹೊದಿಸಿದ ಬಟ್ಟೆಯನ್ನು ತಾವೇ ತೆಗೆದು ಮಡಚಿದರು. "ಹಾಕಿ," ಎಂದರು.

ತಂದೆ ಬೆರಳಿಟ್ಟರು. ಪರದೆಯ ನೀಲಿ ಬೆಳಕು ಎಲ್ಲರ ಮುಖದ ಮೇಲೆ ಬಿತ್ತು. ಕಡಲು, ದೀಪಸ್ತಂಭ, ಮೇಲಂಗಿ ತೊಟ್ಟ ಒಬ್ಬ ಹುಡುಗ. ಬೆನ್ನು ಇತ್ತ, ಮುಖ ಅಲೆಗಳ ಕಡೆಗೆ. ಭುಜಗಳು ಏರಿದವು, ಇಳಿದವು. ಫ್ಯಾನು ಉಸಿರೆಳೆದುಕೊಂಡಿತು. ಮಗಳು ಕಪ್ತಾನನ ಪಕ್ಕಕ್ಕೆ ಸರಿದು, "ಕ್ಷಮಿಸೋ," ಎಂದಳು. ಅವನು ತಲೆಯಾಡಿಸಿದ, ಕಣ್ಣು ಪರದೆಯಿಂದ ಕೀಳಲಿಲ್ಲ.

ಬಹಳ ಹೊತ್ತಾದ ಮೇಲೆ ತಾಯಿ ಕೇಳಿದರು: "ಇದು ಭಾರಾನಾ?"

"ಇಲ್ಲ," ಎಂದಳು ತಕ್ಕಡಿ. "ಮಡಿಲಲ್ಲಿ ಇಟ್ಟುಕೊಳ್ಳಬಹುದು."

ತಾಯಿ ಚಾರ್ಜರನ್ನು ಬಿಡಿಸಿ, ಲ್ಯಾಪ್‌ಟಾಪನ್ನು ತೆರೆದ ಹಾಗೇ ಎತ್ತಿ ಮಗನ ಹಾಸಿಗೆಯ ಮೇಲೆ ಕೂತು, ಮಡಿಲಿಗೆ ಇಟ್ಟುಕೊಂಡರು. ಸೀರೆಯ ಮೂಲಕ ಕಾವು ತಾಗಿರಬೇಕು. ಅದರ ಕೆಳಗೆ ಕೈಯಿಟ್ಟು ನೋಡಿದರು, ಕೈ ಅಲ್ಲೇ ಉಳಿಯಿತು.

"ಬೆಚ್ಚಗಿದ್ದಾನೆ," ಎಂದರು. ಆಮೇಲೆ ಮಗಳಿಗೆ, "ಗಾಡಿ ಯಾವತ್ತು ಬರುತ್ತೆ ಅಂದೆ? ಈ ಚಾರ್ಜರನ್ನ ಮರೀದೆ ಇಟ್ಕೋ."

ದೊಡ್ಡಮ್ಮನ ಹಿಂದೆ ತಕ್ಕಡಿ ಮೆಟ್ಟಿಲಿಳಿದಳು. ಬಿಸಿಯನ್ನು ಅವಳು ಯಾವಾಗಲೂ ಕೆಡುಕಿನ ತಟ್ಟೆಗೇ ಹಾಕುತ್ತಿದ್ದಳು. ಮೇಲೆ, ತೆರೆದ ಬಾಗಿಲಿಂದ, ಆ ಸದ್ದು ಇನ್ನೂ ಏರುತ್ತಿತ್ತು, ಇಳಿಯುತ್ತಿತ್ತು.