ಹಿರಿಗಹಳೆ ಯಾರದು?

ಬಹಳ ಬಹಳ ಹಿಂದೆ, ಕಲ್ಲುಗಳಿಗೆ ಇನ್ನೂ ಬಾಯಿ ಇದ್ದ ಕಾಲದಲ್ಲಿ, ಬಂಡೆಸೀಮೆ ಎಂಬ ರಾಜ್ಯವಿತ್ತು. ಅಲ್ಲಿನ ಪ್ರತಿ ಗುಡ್ಡದ ಮೇಲೂ ಒಂದು ಮಾತುಗಲ್ಲು. ಒಂದು ಕಲ್ಲಿಗೆ ಹೇಳಿದ್ದು ಎಲ್ಲ ಕಲ್ಲುಗಳಲ್ಲೂ ಕೇಳಿಸುತ್ತಿತ್ತು. ಎಲ್ಲರ ಸುದ್ದಿಯೂ ಎಲ್ಲರ ಕಿವಿಗೆ ಬಿದ್ದರೆ ಗದ್ದಲವಾಗುತ್ತದಲ್ಲ? ಅದಕ್ಕೇ ಮಳೆಯ ಸುದ್ದಿಗೆ ಒಂದು ಗುಡ್ಡ, ಮದ್ದಿನ ಸುದ್ದಿಗೆ ಒಂದು ಗುಡ್ಡ, ಹುಲಿಯ ಸುದ್ದಿಗೆ ಒಂದು ಗುಡ್ಡ ಎಂದು ಗೊತ್ತುಮಾಡಿದ್ದರು. ಬೇಕಾದವರು ಬೇಕಾದ ಗುಡ್ಡದತ್ತ ಕಿವಿ ಕೊಡುತ್ತಿದ್ದರು. ಸುದ್ದಿಯಲ್ಲದ ಬರೀ ಮಾತು ಮಾತ್ರ ಮೊದಲಿನ ಹಾಗೇ ಊರಿಗೆಲ್ಲ ಕೇಳಿಸುತ್ತಿತ್ತು.

ಯಾವ ಸುದ್ದಿಗೆ ಯಾವ ಗುಡ್ಡ ಎಂದು ಸಾರುವವರಿಗೆ ಹಿರಿಗಹಳೆ ಎಂಬ ಪದವಿ. ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ಗಳಿಗೆಗೊಮ್ಮೆ ಕಹಳೆ ಊದಿ ಆ ಪಟ್ಟಿಯನ್ನು ಓದಬೇಕು. ಆಗ ಹಿರಿಗಹಳೆಯಾಗಿದ್ದವಳು ಮಾಚವ್ವೆ. ಅವಳ ಕೊರಳಲ್ಲಿ ಒಂಬತ್ತು ಗೆರೆಯ ತಾಮ್ರದ ಬಿಲ್ಲೆ. ಅವಳ ಜೊತೆಗೇ ಕಹಳೆ ಕಲಿತ ಎರೆಯನ ಬಿಲ್ಲೆಗೆ ಎಂಟು ಗೆರೆ. ಕಲ್ಲುಗಳು ಹೆಚ್ಚು ಗೆರೆಯವರ ಮಾತನ್ನೇ ನಂಬುತ್ತವೆ. ಎರಡು ಗಳಿಗೆ ಅವರ ಕಹಳೆ ಕೇಳಿಸದಿದ್ದರೆ ಮಾತ್ರ ಅವರನ್ನು ಮರೆತು ಮುಂದಿನವರ ಮಾತಿಗೆ ಕಿವಿಗೊಡುತ್ತವೆ.

ಒಂದೇ ಒಂದು ಗೆರೆ ಕಡಿಮೆ! ಎರೆಯನ ಊಟ ನಿದ್ದೆ ಕೆಡಿಸಲು ಅಷ್ಟು ಸಾಕಾಯಿತು. ಯಾರೋ ತಮ್ಮ ಕರುವಿಗೆ ಮಾಚವ್ವೆ ಎಂದು ಹೆಸರಿಟ್ಟರೆ ಆ ಮನೆಯ ಹಾಲೇ ಅವನಿಗೆ ಸೇರುತ್ತಿರಲಿಲ್ಲ. ಅವಳು ಸೀನಿದಳೆಂದು ಕೇಳಿದರೆ, ಇವತ್ತಂತೂ ಊದಲಾರಳು ಎಂದು ತನ್ನ ಕಹಳೆ ಒರೆಸಿ ಕೂರುತ್ತಿದ್ದ. ಅವಳು ಮೂಗೊರೆಸಿಕೊಂಡು ಊದಿಯೇ ಊದುತ್ತಿದ್ದಳು. ಎದುರು ಸಿಕ್ಕಾಗ ಎರೆಯ "ಭೇಷ್, ಮಾಚವ್ವೆ" ಎಂದು ಹಲ್ಲು ಬಿಟ್ಟು, ಹೊಟ್ಟೆಕಿಚ್ಚನ್ನು ಗುಟುಕು ಗುಟುಕಾಗಿ ನುಂಗಿಕೊಳ್ಳುತ್ತಿದ್ದ. ಹೀಗೆ ಹನ್ನೆರಡು ವರ್ಷ ನುಂಗಿದ.

ಹೀಗಿರಲು ರಾಜ್ಯದ ಕೊನೆಯಲ್ಲಿದ್ದ ತುದಿಗುಡ್ಡಕ್ಕೆ ಹುಲಿಯ ಕಾಟ ಶುರುವಾಯಿತು. ಮೊದಲು ದನಗಳು ಹೋದವು, ಆಮೇಲೆ ಒಬ್ಬ ಕುರುಬನೂ ಹೋದ. ಹುಲಿ ಬರುತ್ತಿದೆ ಎಂಬ ಎಚ್ಚರಿಕೆ ಒಮ್ಮೆಯೂ ಅಲ್ಲಿಗೆ ಮುಟ್ಟಲಿಲ್ಲ. ಅರಸ ಎರೆಯನನ್ನು ಕರೆಸಿದ.

"ಮಾಚವ್ವೆಯ ಕಲ್ಲನ್ನ ದಿನಾ ಕೇಳಿ ನೋಡ್ತಾ ಇದ್ದೀನಿ. ಹಿರಿಗಹಳೆ ಮಾಚವ್ವೆ, ಎಲ್ಲಾ ಸರಿಯಾಗಿದೆ ಅನ್ನುತ್ತೆ. ನೀನು ಗುಡ್ಡ ಗುಡ್ಡ ಹತ್ತಿ ವಿಚಾರಿಸು. ತಪ್ಪು ಅವಳದಾದರೆ ಒಂಬತ್ತನೇ ಗೆರೆ ನಿನಗೆ."

ಎರೆಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತನ್ನ ತಂಗಿ ಕೇತವ್ವೆಯನ್ನು ತುದಿಗುಡ್ಡಕ್ಕೇ ಕೊಟ್ಟಿದೆ, ಅವಳಿಗೊಂದು ಹಸುಗೂಸಿದೆ ಎಂಬುದು ಅವನಿಗೆ ನೆನಪಾದದ್ದು ಅರಮನೆಯ ಬಾಗಿಲು ದಾಟಿದ ಮೇಲೆ. ನಾಚಿಕೆಗೇಡು, ಆದರೂ ನಿಜ.

ಮೊದಲ ಗುಡ್ಡ ಹತ್ತಿ ಕಲ್ಲನ್ನು ಕೇಳಿದ: "ಹಿರಿಗಹಳೆ ಯಾರದು? ಕೊನೆಗೆ ಕೇಳಿದ್ದು ಯಾವಾಗ? ಮುಂದಿನದು ಯಾವಾಗ?"

"ಮಾಚವ್ವೆಯದು. ಅರೆಗಳಿಗೆಯ ಹಿಂದೆ. ಇನ್ನು ಅರೆಗಳಿಗೆಗೆ" ಎಂದಿತು ಕಲ್ಲು. ಎರೆಯನ ಮುಖ ಹುಳ್ಳಗಾಯಿತು.

ಎರಡನೆಯ ಗುಡ್ಡ ಹತ್ತಿದ. ಅದೇ ಮೂರು ಪ್ರಶ್ನೆ, ಅದೇ ಉತ್ತರ. ಮುಖ ಇನ್ನಷ್ಟು ಹುಳ್ಳಗಾಯಿತು.

ತುದಿಗುಡ್ಡ ಮುಟ್ಟುವಾಗ ಸೂರ್ಯ ಮುಳುಗಲು ಆರು ಗಳಿಗೆ ಇತ್ತು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕೇತವ್ವೆ ಕಲ್ಲಿನ ಹತ್ತಿರವೇ ನಿಂತಿದ್ದಳು.

"ಒಂದು ತಿಂಗಳಿಂದ ಕೂಗೋಳನ್ನೇ ಕೇಳ್ತಾ ಕೂತಿದ್ರಲ್ಲ ಅಣ್ಣಯ್ಯ, ಕೇಳಿಸ್ಕೊಳ್ಳೋ ನಮ್ಮನ್ನ ಯಾರೂ ಕೇಳಲಿಲ್ಲ. ಸಂಜೆಯಾದ್ರೆ ಹುಲಿ ಬರುತ್ತೆ, ಬೇಗ ನೋಡು."

ಎರೆಯ ಮೂರು ಪ್ರಶ್ನೆ ಕೇಳಿದ. ಕಲ್ಲು ಹೇಳಿತು: "ಹಿರಿಗಹಳೆ ಎರೆಯನದು. ಹತ್ತು ಗೆರೆ. ಕೊನೆಗೆ ಕೇಳಿದ್ದು ಈಗತಾನೆ. ಮುಂದಿನದಕ್ಕೆ ಹೊತ್ತುಗೊತ್ತಿಲ್ಲ."

ಎರೆಯನ ಎದೆ ಉಬ್ಬಿತು. ಮರುಕ್ಷಣ ಅವನು ಬೆವರಿದ. "ನಾನು ಊದೇ ಇಲ್ಲವಲ್ಲ?"

ಕಲ್ಲಿಗೆ ಸುಳ್ಳು ಬಾರದು. ಅದು ಇದ್ದದ್ದು ಇದ್ದಂತೆ ಹೇಳಿತು. "ಗುಡ್ಡದ ಕೆಳಗಿನ ಮಸಿಗವಿಯಲ್ಲಿ ಮಸಿಗಣ್ಣನೆಂಬ ಮಾಂತ್ರಿಕನಿದ್ದಾನೆ. ನೀನು ನುಂಗಿದ ಹೊಟ್ಟೆಕಿಚ್ಚನ್ನು ಹೆಕ್ಕಿಕೊಂಡು ನಿನ್ನ ದನಿ ಮಾಡಿದ, ಅದಕ್ಕೆ ಹತ್ತು ಗೆರೆ ಎಳೆದ. ನೀನು ಒಂದು ಗುಟುಕು ನುಂಗಿದರೆ ಆ ದನಿ ಒಂದು ಸಲ ಊದುತ್ತದೆ. ಸದ್ಯಕ್ಕೆ ಅದು ಈ ಗುಡ್ಡಕ್ಕಷ್ಟೇ ಕೇಳಿಸುತ್ತದೆ. ಹುಲಿಯ ಸುದ್ದಿಗೆ ಮಸಿಗವಿಯತ್ತ ಕಿವಿ ಕೊಡಿ ಅನ್ನುತ್ತದೆ. ಗವಿ ದಿನವೂ ಹುಲಿ ಇಲ್ಲ ಅನ್ನುತ್ತದೆ. ಹುಲಿಯಾಗಿ ಬರುವವನೇ ಅವನು."

ಆಗ ಕೆಳಗಿನಿಂದ ಎರೆಯನದೇ ದನಿ ಬಂತು. "ಹೂಂ ಅನ್ನು ಎರೆಯಾ. ಹತ್ತು ಗೆರೆಯೂ ನಿನ್ನವೇ. ನಾಳೆ ಎಲ್ಲ ಗುಡ್ಡಗಳೂ ನಿನ್ನವೇ."

ಎರೆಯ ತನ್ನ ಬಿಲ್ಲೆಯ ಎಂಟು ಗೆರೆಗಳ ಮೇಲೆ ಬೆರಳಾಡಿಸಿದ. ಬೇಡ ಎನ್ನಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ತಂಗಿ ಅವನ ಮುಖ ನೋಡಿದಳು. ಅವಳು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದ ಮೇಲೆ ಅವನ ಬಾಯಿಂದ "ಬೇಡ" ಬಂತು.

ಬೇಡ ಎಂದರೆ ಮುಗಿಯಲಿಲ್ಲ. ಆ ದನಿ ಎರಡು ಗಳಿಗೆ ಊದದಿದ್ದರೆ ತಾನೆ ಕಲ್ಲು ಅದನ್ನು ಮರೆಯುವುದು? ಅಂದರೆ ಎರೆಯ ಎರಡು ಗಳಿಗೆ ಹೊಟ್ಟೆಕಿಚ್ಚು ನುಂಗದೆ ಇರಬೇಕು. ಹನ್ನೆರಡು ವರ್ಷದ ಅಭ್ಯಾಸ!

ಮೊದಲ ಸಲ ಕಿವಿಗೆ ಹತ್ತಿ ತುರುಕಿಕೊಂಡು ಕೂತ. ಒಂದೂಮುಕ್ಕಾಲು ಗಳಿಗೆ ಕಳೆಯಿತು. ಅವಳೀಗ ಊದುತ್ತಿರಬೇಕು, ಜನ ತಲೆದೂಗುತ್ತಿರಬೇಕು ಎಂದುಕೊಂಡ. ಗುಟುಕ್. ಗವಿಯಲ್ಲಿ ಕಹಳೆ ಮೊಳಗಿತು.

ಎರಡನೆಯ ಸಲ ಕಣ್ಣು ಮುಚ್ಚಿ ಮಾಚವ್ವೆಯನ್ನು ಹೊಗಳತೊಡಗಿದ. "ಅವಳು ದೊಡ್ಡವಳು, ಅವಳ ಉಸಿರು ದೊಡ್ಡದು." ಹೊಗಳುತ್ತಾ ಹೊಗಳುತ್ತಾ ಅದೆಲ್ಲ ನಿಜವೆಂದು ಅವನಿಗೇ ಅನ್ನಿಸಿಬಿಟ್ಟಿತು. ಗುಟುಕ್. ಕಹಳೆ ಇನ್ನೂ ಜೋರಾಗಿ ಮೊಳಗಿತು.

ಉಳಿದದ್ದು ಎರಡೇ ಗಳಿಗೆ.

"ನುಂಗಬೇಡ ಅಣ್ಣಯ್ಯ, ಕಾರಿಬಿಡು!" ಎಂದಳು ಕೇತವ್ವೆ.

"ಊರಿಗೆಲ್ಲ ಕೇಳಿಸುತ್ತೆ ಕಣೇ."

"ಕೇಳಿಸಲಿ. ನನ್ನ ಕೂಸಿಗಿಂತ ನಿನ್ನ ಮಾನ ದೊಡ್ಡದಾ?"

ಎರೆಯ ಕಲ್ಲಿಗೆ ಬಾಯಿಟ್ಟ. "ಮಾಚವ್ವೇ! ನಿನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು! ಹನ್ನೆರಡು ವರ್ಷದಿಂದ ಉರೀತಾ ಇದ್ದೀನಿ. ನೀನು ಸೀನಿದ್ರೆ ಖುಷಿಪಟ್ಟೆ. ಭೇಷ್ ಅಂದಾಗೆಲ್ಲ ಸುಳ್ಳು ಹೇಳ್ದೆ!"

ಇಡೀ ಬಂಡೆಸೀಮೆ ಕೇಳಿಸಿಕೊಂಡಿತು. ಅರಸ ಕೇಳಿಸಿಕೊಂಡ, ಬೀಸುತ್ತಿದ್ದವರು ರಾಗಿಕಲ್ಲು ನಿಲ್ಲಿಸಿ ಕೇಳಿಸಿಕೊಂಡರು. ಎರೆಯನ ಕಿವಿ ಕೆಂಡವಾಯಿತು, ಹೊಟ್ಟೆ ಮಾತ್ರ ತಣ್ಣಗಾಯಿತು. ಕಲ್ಲಿನೊಳಗಿಂದ ಮಾಚವ್ವೆ ಸಿಡುಕಿದಳು.

"ನಂಗೊತ್ತಿಲ್ವಾ? ನಿನ್ನ ಮುಖ ನೋಡಿದ್ರೆ ಹಾಲು ಒಡೆಯುತ್ತೆ. ನಂಗೂ ನಿನ್ನ ಮೇಲೆ ಹೊಟ್ಟೆಕಿಚ್ಚೇ ಕಣೋ. ಹನ್ನೆರಡು ವರ್ಷದಿಂದ ಬಿಸಿ ಮುದ್ದೆ ಉಂಡಿಲ್ಲ ನಾನು. ತುತ್ತು ಎತ್ತೋ ಹೊತ್ತಿಗೆ ಗಳಿಗೆ ಆಗಿರುತ್ತೆ. ನೀನು ಮಧ್ಯಾಹ್ನ ಗೊರಕೆ ಹೊಡೆಯೋದು ಇಲ್ಲೀತನಕ ಕೇಳಿಸುತ್ತೆ!"

"ನಾನೆಲ್ಲಿ ಗೊರಕೆ ಹೊಡೀತೀನಿ?"

"ಹೊಡೀತಾನೆ!" ಎಂದವು ಏಳು ಗುಡ್ಡಗಳ ದನಿಗಳು.

ಜಗಳ ಹತ್ತಿತು. ಹನ್ನೆರಡು ವರ್ಷದ್ದೆಲ್ಲ ಹೊರಗೆ ಬಂತು. ನಡುವೆ ಅವಳು ಒಂದು ಸಲ ಊದಿ, ಪಟ್ಟಿ ಓದಿ, ಮತ್ತೆ ಬೈಯತೊಡಗಿದಳು. ಬೈಯುವವನಿಗೆ ನುಂಗಲು ಎಲ್ಲಿ ಪುರಸೊತ್ತು? ಗವಿ ಸದ್ದು ಮಾಡಲಿಲ್ಲ. ಸೂರ್ಯ ಬಂಡೆಗೆ ತಾಗುವಾಗ ಮಾಚವ್ವೆ ದಿನದ ಕೊನೆಯ ಕಹಳೆ ಊದಿದಳು.

"ಹಿರಿಗಹಳೆ ಯಾರದು?" ಎಂದು ಕೇತವ್ವೆಯೇ ಕೇಳಿದಳು.

"ಮಾಚವ್ವೆಯದು" ಎಂದಿತು ಕಲ್ಲು. ಬೆನ್ನಿಗೇ ಹುಲಿಸುದ್ದಿಯ ಗುಡ್ಡ ಕೂಗಿತು: "ತುದಿಗುಡ್ಡದವರೇ, ಹುಣಸೆಮರದ ಹಿಂದೆ!"

ಊರವರು ಪಂಜು, ತಮಟೆ ಹಿಡಿದು ನುಗ್ಗಿದರು. ಹುಲಿ ಬಾಯಿ ತೆರೆಯಿತು. ಕದ್ದ ದನಿ ಕಳೆದುಹೋಗಿತ್ತು, ಘರ್ಜನೆ ಬರಲಿಲ್ಲ. ಅದು ಕುಗ್ಗಿ ಬೆಕ್ಕಾಯಿತು, ಬೆಕ್ಕು ಕುಗ್ಗಿ ಮಸಿಗಣ್ಣನಾದ, ಮಸಿಗಣ್ಣ ಕುಗ್ಗಿ ಒಂದು ಹಿಡಿ ಮಸಿಯಾದ. ಗಾಳಿ ಬಂದು ಅದನ್ನೂ ಒಯ್ದಿತು.

ಎರೆಯ ತಲೆ ತಗ್ಗಿಸಿಕೊಂಡು ಅರಮನೆಗೆ ಬಂದು, ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಅರಸ ಬಾಯಿ ತೆರೆಯುವ ಮೊದಲೇ ಮಾಚವ್ವೆ ಒಂದು ಮಾತು ಹೇಳಿದಳು. "ವಾರಕ್ಕೆ ಒಂದು ದಿನ ನನ್ನ ಬಿಲ್ಲೆ ತೆಗೆದಿಡ್ತೀನಿ, ಬುದ್ಧಿ. ಅವತ್ತು ಇವನೇ ಊದಲಿ." ಅರಸ ಒಪ್ಪಿದ.

ಆ ದಿನ ಬಂತು. ಎರೆಯ ಹನ್ನೆರಡು ವರ್ಷ ಕಾದಿದ್ದ ಕಹಳೆಯನ್ನು ಊದಿದ. ಎಲ್ಲ ಗುಡ್ಡಗಳೂ ಹಿರಿಗಹಳೆ ಎರೆಯನದು ಎಂದವು. ಅವನ ಕಣ್ಣು ತುಂಬಿತು. ಹತ್ತನೆಯ ಗಳಿಗೆಗೆ ತುಟಿ ಊದಿಕೊಂಡಿತು. ಹದಿನೈದನೆಯ ಗಳಿಗೆಗೆ ಬಿಸಿ ಮುದ್ದೆ ಮುಂದೆ ಬಂತು. ತುತ್ತು ಎತ್ತುವ ಹೊತ್ತಿಗೆ ಊದುವ ಹೊತ್ತಾಯಿತು. ಊದಿ ಬರುವಷ್ಟರಲ್ಲಿ ಮುದ್ದೆ ತಣ್ಣಗಾಗಿತ್ತು. ಅಷ್ಟರಲ್ಲಿ ಕಲ್ಲಿನೊಳಗಿಂದ ಮಾಚವ್ವೆಯ ಗೊರಕೆ, ಸುಖವಾದ, ಉದ್ದನೆಯ ಗೊರಕೆ, ಕೇಳಿಸಿತು.

ಎರೆಯನಿಗೆ ಎಲ್ಲಿಲ್ಲದ ಹೊಟ್ಟೆಕಿಚ್ಚಾಯಿತು. ಆದರೆ ನುಂಗಲಿಲ್ಲ. ಕಲ್ಲಿಗೆ ಬಾಯಿಟ್ಟು ಊರಿಗೆಲ್ಲ ಕೇಳಿಸುವಂತೆ ಬೈದ. ಬಂಡೆಸೀಮೆಯ ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಅವರು ಹುಲಿಗೆ ಹೆದರದೆ, ಹೊಟ್ಟೆ ತುಂಬ ಉಂಡು, ಬಾಯಿ ತುಂಬ ಜಗಳವಾಡಿಕೊಂಡು ನೂರುಕಾಲ ಸುಖವಾಗಿ ಬಾಳಿದರು.