ಮೂರನೆಯ ಬತ್ತಿ

ಬತ್ತಿ ಹೊತ್ತಿತ್ತು!

ಒಂದಲ್ಲ, ಮೂರು. ಯಾಲಾಲ್ ಹತ್ತಿರದ ಫರಸಿಕಲ್ಲಿನ ಗಣಿಯೊಳಗೆ ಚುರುಚುರು ಉರಿಯುತ್ತಿದ್ದವು. ಮೂರನೆಯದರ ತುದಿಯಲ್ಲಿ ಮದ್ದು. ಮದ್ದಿನ ಪಕ್ಕದಲ್ಲಿ ನಾನು ಎರಡು ದಿನದಿಂದ ಹುಡುಕುತ್ತಿದ್ದ ಅಲ್ಯೂಮಿನಿಯಂ ಡಬ್ಬಿ!

"ಇಳೀಬ್ಯಾಡ್ರಿ, ರೇವಪ್ಪಣ್ಣ!" ಮದ್ದು ಹಚ್ಚುವ ಬಕ್ಕಪ್ಪ ನನ್ನ ಕಾಲರ್ ಹಿಡಿದ. ಆ ಕೈಗೆ ಮೂರೇ ಬೆರಳು.

"ಎಷ್ಟು ಹೊತ್ತದ?"

"ಒಂದು ಬೀಡಿ ಸೇದೂವಷ್ಟು."

ಅವನ ಬಾಯಲ್ಲಿದ್ದ ಬೀಡಿ ನೋಡಿದೆ. ಅರ್ಧ ಮುಗಿದಿತ್ತು...

ಕೇಳಿ. ಹೈದರಾಬಾದಿನ ವಿಜ್ಞಾನಿಗಳು ಪರೀಕ್ಷೆಗೆಂದು ಆಕಾಶಕ್ಕೆ ಬಿಡುವ ಬಲೂನಿನಿಂದ ಉದುರಿದ ಯಂತ್ರಗಳನ್ನು ಹುಡುಕಿ ತರುವುದು ನನ್ನ ಕೆಲಸ. ಜಹೀರಾಬಾದಿನಿಂದ ತಾಂಡೂರಿನ ತನಕ ನಾನು ತುಳಿಯದ ತೊಗರಿ ಹೊಲವಿಲ್ಲ. ಆದರೆ ಈ ಸಲದ್ದು ಬೇರೆ. ಇನ್ನು ಹತ್ತು ದಿನಕ್ಕೆ ರಾಕೆಟ್ ಏರಬೇಕು. ದೇಶಕ್ಕೆಲ್ಲ ಫೋನು, ಟೀವಿ ತಲುಪಿಸುವ ಭಾರೀ ಉಪಗ್ರಹ. ಅದರ ಒಂದು ಸ್ವಿಚ್ಚು ಮೇಲಿನ ಚಳಿ ತಾಳುತ್ತದೋ ಇಲ್ಲವೋ? ಉತ್ತರ ಬಲೂನಿನಲ್ಲಿ ಮೇಲೆ ಹೋಗಿ ಬಂದ ಆ ಡಬ್ಬಿಯಲ್ಲಿತ್ತು.

"ಅದು ಬಾಂಬ್ ಅಲ್ಲೋ ತಮ್ಮಾ!"

"ತಂತಿ ಎರಡು ಹೊರಗ ಬಂದಾವ. ಸಿಡೀಲಾರದ ಮದ್ದು ಅಂದ್ರ ಹಿಂಗೇ ಇರ್ತದ. ಬಾಜೂಕ ಹೊಸದಿಟ್ಟು ಹಾರಸೋದು ನಮ್ಮ ದಸ್ತೂರ. ಬಂಡೆಗಲ್ಲಿಗಿ ಎರಡು, ಡಬ್ಬಿಗಿ ಒಂದು. ಕಾರಿನ ಸಾಹೇಬ ನೀವೇ ಹೇಳೀರಿ ಅಂದನಲ್ರೀ?"

ನಾನು ಯಾರಿಗೂ ಹೇಳಿರಲಿಲ್ಲ!

ಆಚೆ ದಂಡೆಯ ಮೇಲೆ ಬಿಳಿ ಅಂಬಾಸಡರ್. ಅದಕ್ಕೆ ಒರಗಿ ನಿಂತವನು ದೇವಧರ್. ಆ ಸ್ವಿಚ್ಚು ಮಾಡಿಕೊಟ್ಟ ಕಂಪನಿಯ ಮ್ಯಾನೇಜರ್. ಉತ್ತರ ಅವನಿಗೆ ಮೊದಲೇ ಗೊತ್ತಿತ್ತು. ತನ್ನ ಕೈಗೆ ಮಸಿ ಹತ್ತದ ಹಾಗೆ ಬಕ್ಕಪ್ಪನ ಕೈಯಿಂದ ಅಳಿಸುತ್ತಿದ್ದ.

ಕಾಲರ್ ಕಿತ್ತು ಬಂತು. ಧುಮುಕಿದೆ.

"ಬತ್ತಿ ಮುಟ್ಟಬ್ಯಾಡೋ ಹುಚ್ಚಾ, ಡಬ್ಬಿ ಎತ್ತು!" ಪೀರಮ್ಮ ಚೀರಿದಳು. ಗಣಿಯಲ್ಲಿ ಕಲ್ಲು ಹೊರುವವಳು. ಡಬ್ಬಿ ಬಿದ್ದದ್ದು ಅವಳ ಹೊಲದಲ್ಲೇ; ಅಲ್ಲಿಂದ ಗಣಿಗೆ ತರಿಸಿದವನು ದೇವಧರ್.

ಎತ್ತಿದೆ. ಓಡಿದೆ. ದಂಡೆ ಹತ್ತಿ ಫರಸಿ ಒಟ್ಟಿಲಿನ ಹಿಂದೆ ಬಿದ್ದೆ. ಬಕ್ಕಪ್ಪ, ಪೀರಮ್ಮ ಅಲ್ಲೇ ಕುಕ್ಕರಿಸಿದ್ದರು.

ಢಂ! ಢಂ!

ಕಲ್ಲು ಸುರಿದವು. ಆಮೇಲೆ ಧೂಳು. ಆಮೇಲೆ ಏನೂ ಇಲ್ಲ...

ಧೂಳಿನಾಚೆ ದೇವಧರ್. ಕೈಯಲ್ಲಿ ಪಿಸ್ತೂಲು. ನಮ್ಮ ಕಡೆ ಬರಲು ಗಣಿಗೇ ಇಳಿಯುತ್ತಿದ್ದ.

"ಡಬ್ಬಿ ಅಲ್ಲೇ ಇಡು, ರೇವಪ್ಪ! ಹತ್ತು ದಿನ ಬಾಯಿ ಮುಚ್ಚಿಕೊಂಡಿರು!"

"ನಿಲ್ರಿ ಸಾಹೇಬ್ರ!" ಬಕ್ಕಪ್ಪ ಕೂಗಿದ. "ಹಚ್ಚಿದ್ದು ಮೂರು, ಕೇಳಿದ್ದು ಎರಡು! ಅರ್ಧ ತಾಸು ಯಾರೂ ಒಳಗ ಕಾಲಿಡಬಾರದು!"

ದೇವಧರ್ ನಕ್ಕ. "ನನಗೇ ಸುಳ್ಳು ಹೇಳ್ತೀಯಾ?"

ಸುಳ್ಳು ಸರ್ಟಿಫಿಕೇಟ್ ಕೊಟ್ಟೇ ಬದುಕಿದವನು. ಇಳಿಯುತ್ತಲೇ ಇದ್ದ.

ನಾನು ಬಕ್ಕಪ್ಪನ ಕಿವಿಯಲ್ಲಿ ಕೇಳಿದೆ. "ಹೆದರಸಾಕ ಹೇಳಿದೇನು?"

ಅವನು ಮೂರು ಬೆರಳಿನ ಕೈ ನನ್ನ ಮುಖದ ಮುಂದೆ ಹಿಡಿದ.

"ಆವತ್ತು ನಾನೂ ಹಂಗೇ ಅಂದ್ಕೊಂಡಿದ್ನಿ, ಅಣ್ಣ."

ಹೈದರಾಬಾದಿನಲ್ಲಿ ಡಬ್ಬಿ ಬಿಚ್ಚಿದರು. ಸ್ವಿಚ್ಚು ಚಳಿಗೆ ಸೆಟೆದು ಹೋಗಿತ್ತು. ರಾಕೆಟ್ ಹಾರಿಸುವುದನ್ನು ಮುಂದೂಡಿದರು. ಅದೆಲ್ಲ ಆಮೇಲಿನ ಮಾತು. ಆವತ್ತು ನಾವು ಮೂವರೂ ಒಟ್ಟಿಲಿನ ಹಿಂದೆ ಕಾದೆವು, ಮೂರನೆಯ ಢಂ ಕೇಳುವ ತನಕ.

ದೇವಧರ್ ಕಾಯಲಿಲ್ಲ.