ಕಮಾಂಡರ್ ಓರ್ವಾಳ ಎಡಮಂಡಿ

ಹೇಮಶ್ರೀಯ ಮೂಗಿನ ಬಗ್ಗೆ ಸಕಲೇಶಪುರದಲ್ಲಿ ಯಾರನ್ನು ಬೇಕಾದರೂ ಕೇಳಿ. ಒಂದು ಕಾಫಿ ಬೀಜ ಮೂಸಿದಳೆಂದರೆ ಅದು ಯಾವ ಗಿಡದ್ದು, ಆ ಗಿಡದ ಮೇಲೆ ಯಾವ ಹಕ್ಕಿ ಕೂತಿತ್ತು, ಆ ಹಕ್ಕಿಗೆ ಆವತ್ತು ಗೂಡಿನಲ್ಲಿ ಜಗಳವಾಗಿತ್ತೋ ಇಲ್ಲವೋ, ಎಲ್ಲ ಹೇಳಿಬಿಡುತ್ತಿದ್ದಳು. ಸುಳ್ಳು ಎನ್ನುವವರು, ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಅವಳು ಬೀಜ ಪರೀಕ್ಷಿಸುವ ಸ್ಯಾಂಪಲ್ ರೂಮಿಗೆ ಹೋಗಿ ಅವಳೆದುರು ನಿಂತು ವಾದಿಸಲಿ. ವಾದಿಸಿ ಗೆದ್ದು ಬಂದವರನ್ನು ನಾಲ್ಕು ತಾಲ್ಲೂಕು ಹುಡುಕಿದರೂ ಸಿಗುವುದಿಲ್ಲ.

ಮೋಹಿತ್ ಮಾತ್ರ ವಾರವಾರವೂ ಸೋಲಲಿಕ್ಕೇ ಹೋಗುತ್ತಿದ್ದ.

ಹೆಗ್ಗದ್ದೆ ಕಡೆಯ ಎಸ್ಟೇಟೊಂದರಲ್ಲಿ ಆಳುಕಾಳು, ಲೆಕ್ಕ ನೋಡಿಕೊಳ್ಳುವ ರೈಟರ್ ಅವನು. ತೋಟದಲ್ಲಿ ನಿಂತು ಕೂಗಿದರೆ ಮೂರು ಗುಡ್ಡದಾಚೆ ನೆರಳುಮರದ ಕೊಂಬೆ ಕಡಿಯುತ್ತ ಮರಗಸಿ ಮಾಡುತ್ತಿದ್ದವರು, ತಮ್ಮನ್ನೇ ಕರೆದರೆಂದು ಮರದಿಂದ ಇಳಿದುಬಿಡುತ್ತಿದ್ದರು. ಅಂಥ ಗಂಟಲು ಸ್ಯಾಂಪಲ್ ರೂಮಿನ ಹೊಸ್ತಿಲಲ್ಲಿ ಕೈಕೊಡುತ್ತಿತ್ತು. ಈ ಸೀಸನ್ನಿನಲ್ಲಂತೂ ಅವನ ಕಾಫಿಗೆ ಒಂದೇ ಹಾಡು: "ಮಾಯಿಶ್ಚರ್ ಜಾಸ್ತಿ ಐತೆ, ಇನ್ನೊಂದು ಸ್ಯಾಂಪಲ್ ತನ್ನಿ." ಎಲ್ಲಿಂದ ಬರಬೇಕು ತೇವ? ಕಣದಲ್ಲಿ ಒಣಗಿ ಒಣಗಿ ಬೀಜ ಗೆಜ್ಜೆಯ ಹಾಗೆ ಸದ್ದು ಮಾಡುತ್ತಿತ್ತು. ಸೂರ್ಯನೇ ಸುಸ್ತಾಗಿ ಮೋಡದ ಮರೆಗೆ ಹೋಗಿ ಕೂತಿದ್ದ.

ಆವತ್ತೂ ಅದೇ ಗೋಳು. ಚೀಲವನ್ನು ಆಫೀಸಿನಲ್ಲಿ ಕೊಟ್ಟು ಒಳಗೆ ಬಂದ. ಬಗಲಲ್ಲಿ ಒಂದು ಡಬ್ಬಿ.

ಡಬ್ಬಿಯಲ್ಲಿದ್ದವಳು ಕಮಾಂಡರ್ ಓರ್ವಾ. ಅಂತರಿಕ್ಷದ ಸೀರಿಯಲ್ಲೊಂದರ ಸೇನಾನಿ, ಗೇಣುದ್ದದ ಆಕ್ಷನ್ ಫಿಗರ್ ಗೊಂಬೆ. ಬೆಳ್ಳಿಬಣ್ಣದ ಸೂಟು, ಕೆಂಪು ಮುಖಗವಸು. ಹೇಮಶ್ರೀಯ ಮೇಜಿನ ಹಿಂದಿನ ಶೆಲ್ಫಿನಲ್ಲಿ ಆ ಸೀರಿಯಲ್ಲಿನ ಪಡೆಯೆಲ್ಲ ಸಾಲಾಗಿ ನಿಂತಿತ್ತು, ಕಮಾಂಡರಳ ಜಾಗವೊಂದೇ ಖಾಲಿ. "ಅವ್ಳೊಬ್ಳು ಸಿಕ್ಬಿಟ್ರೆ ಸಾಕು ಕಣ್ರೀ" ಎಂದು ಅವಳು ಒಮ್ಮೆ ಅಂದಿದ್ದಳು. ಆ ಒಂದು ಮಾತಿಗೆ ಮೋಹಿತ್, ತೋಟದಲ್ಲಿ ನೆಟ್‌ವರ್ಕ್ ಸಿಗುವ ಏಕೈಕ ಬಂಡೆಯ ಮೇಲೆ ಕೂತು ಹುಡುಕಿ ಹುಡುಕಿ ಬಂಡೆಯನ್ನೇ ಸವೆಸಿದ್ದ.

"ನಿಮಗೆ ಅಂತ ತಂದೆ." ಹೇಳಬೇಕಿದ್ದದ್ದು ಇಷ್ಟೇ. ದಾರಿಯುದ್ದಕ್ಕೂ ಜೀಪಿನ ಸ್ಟೇರಿಂಗಿಗೆ ಅದನ್ನೇ ಹೇಳಿಕೊಂಡು ಬಂದಿದ್ದ. ಸ್ಟೇರಿಂಗು ಒಪ್ಪಿಕೊಂಡೂ ಆಗಿತ್ತು.

"ಏನ್ರೀ ರೈಟ್ರೇ ಅದು?" ಹೇಮಶ್ರೀ ತಲೆಯೆತ್ತಿದಳು. ಕನ್ನಡಕದ ಮೇಲಿನಿಂದ ಬಂದ ಆ ಒಂದು ನೋಟ ಸಾಕಾಯಿತು.

"ಇದು... ಬಾಲೂದು," ಅಂದುಬಿಟ್ಟ. "ಯಸಳೂರಲ್ಲಿ ನನ್ನ ಫ್ರೆಂಡು. ಒರಿಜಿನಲ್ಲೋ ಡೂಪ್ಲಿಕೇಟೋ ನೋಡಿ ಹೇಳ್ಬೇಕಂತೆ."

ತನ್ನ ನಾಲಿಗೆಯನ್ನು ತಾನೇ ಕಿತ್ತು ಕಣದಲ್ಲಿ ಒಣಗಲು ಹಾಕಬೇಕೆನಿಸಿತು ಅವನಿಗೆ.

"ಹೆಸರು ಮೊದಲೇ ಹೇಳ್ಬಾರ್ದು," ಅಂದಳು. "ಇಲ್ಲಿಯ ಪದ್ಧತಿ ಮರೆತ್ರಾ?"

ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಸ್ಯಾಂಪಲ್ ಚೀಲದ ಮೇಲೆ ಆಫೀಸಿನವರು ಹಾಕಿದ ನಂಬರ್ ಮಾತ್ರ, ಎಸ್ಟೇಟಿನ ಹೆಸರಿಲ್ಲ. ಪರೀಕ್ಷೆ ಮುಗಿದ ಮೇಲಷ್ಟೇ ಯಜಮಾನ ಯಾರೆಂದು ಕೇಳುವುದು. ಮೊದಲೇ ತಿಳಿದರೆ ಕಣ್ಣು ಮಾಲು ಬಿಟ್ಟು ಮನುಷ್ಯನನ್ನು ನೋಡುತ್ತದೆಂದು.

ಬೀಜ ಹರಡುವ ಕಪ್ಪು ಹಾಳೆಯ ಮೇಲೆ ಕಮಾಂಡರಳನ್ನು ಮಲಗಿಸಿ, ಲೈಟು ಹಾಕಿ, ಮೊದಲು ಮೂಸಿದಳು.

"ಹೊಸ ಚಪ್ಪಲಿ ವಾಸನೆ."

ಮೋಹಿತನ ಎದೆ ಒಂದು ಮೆಟ್ಟಿಲು ಇಳಿಯಿತು.

"ಭುಜದಲ್ಲಿ ಗೀಟು ನೋಡಿ. ಎರಡು ಅಚ್ಚು ಕೂಡಿಸಿದ ಜಾಗ. ಒರಿಜಿನಲ್ ಆಗಿದ್ರೆ ಉಜ್ಜಿ ನಯ ಮಾಡಿರೋರು."

"ಗಾಯದ ಗುರುತು ಇರ್ಬೋದಲ್ವಾ? ಯುದ್ಧ ಮಾಡಿ ಬಂದವ್ಳು."

"ಮುಖಗವಸಿನ ಕೆಂಪು ಕೆನ್ನೆಗೆಲ್ಲ ಹರಿದೈತೆ. ಎಲೆಅಡಿಕೆ ಹಾಕ್ಕೊಂಡ ಚಿನ್ನಮ್ಮನ ಥರ."

ಮೂಲೆಯಲ್ಲಿ ಮೊರದ ಮುಂದೆ ಕೂತು ಕೆಟ್ಟ ಬೀಜ ಆರಿಸುತ್ತಿದ್ದ ಚಿನ್ನಮ್ಮ, "ನನ್ನ ಬಾಯಿ ಸುದ್ದಿಗೆ ಬರ್ಬ್ಯಾಡ ಕಣವ್ವ," ಎಂದು ನಕ್ಕಳು.

"ಮೊಣಕೈ ಅರ್ಧಕ್ಕೇ ನಿಲ್ತೈತೆ. ಬೆರಳು ಒಂದಕ್ಕೊಂದು ಅಂಟ್ಕೊಂಡವೆ. ಇದನ್ನ ಕೊಂಡವ್ರಿಗೆ ಕಣ್ಣಿರ್ಲಿಲ್ವಾ?"

"ಕಣ್ಣಿತ್ತು ಮೇಡಂ! ಬಂಡೆ ಮೇಲೆ ನೆಟ್‌ವರ್ಕ್ ಇರ್ಲಿಲ್ಲ! ಫೋಟೋ ಪೂರ್ತಿ ಬರೋದ್ರೊಳಗೆ..." ಎಂದು ಗುಡುಗಿ, ಅರ್ಧಕ್ಕೇ ನುಂಗಿಕೊಂಡ. "ಅಂದ್ರೆ, ಬಾಲು ಹಂಗಂದ."

"ಬಾಲೂದಾದ್ರೆ ನಿಮಗ್ಯಾಕ್ರೀ ಇಷ್ಟು ಉರಿ?"

"ಉರಿ ಏನಿಲ್ಲ."

"ಕಿವಿ ಕೆಂಪಗೈತೆ."

ಕೆಂಪು ಅಂದರೆ ಎಂಥ ಕೆಂಪು! ಹಣ್ಣು ಕಾಫಿಯೂ ನಾಚಿ ಹಸಿರಾಗಬೇಕು. ಹೇಮಶ್ರೀ ಕೆಳತುಟಿಯ ಒಂದು ಮೂಲೆಯನ್ನು ಹಲ್ಲಿನಡಿ ಹಿಡಿದುಕೊಂಡಳು. ಅದು ನಗು ಅದುಮಿದ್ದೋ, ಕನಿಕರವೋ ತಿಳಿಯದೆ ಅವನಿಗೆ ಇನ್ನಷ್ಟು ಮೈ ಪರಚಿಕೊಳ್ಳುವಂತಾಯಿತು. ಡಬ್ಬಿ ಕಿತ್ತುಕೊಂಡು ಓಡೋಣವೆಂದರೆ, ಬಾಲೂಗೆ ಉತ್ತರ ಹೇಳಬೇಕಲ್ಲ. ಇಲ್ಲದ ಉತ್ತರ, ಕೇಳದ ಬಾಲು!

ಅವಳು ಕಮಾಂಡರಳನ್ನು ಮೇಜಿನ ಮೇಲೆ ನಿಲ್ಲಿಸಿದಳು. ಬೆರಳಿನಿಂದ ಒಮ್ಮೆ ತಳ್ಳಿದಳು. ಓರ್ವಾ ಅಲುಗಲಿಲ್ಲ.

"ವಿಚಿತ್ರ," ಅಂದಳು. "ಈ ಡೂಪ್ಲಿಕೇಟ್ ಮಾಲಿಗೆ ಮಂಡಿ ಸಡಿಲ ಇರ್ತೈತೆ. ನಿಲ್ಲಿಸಿದ ತಕ್ಷಣ ಮುಗ್ಗರಿಸ್ತವೆ. ಇವ್ಳು ಹೆಂಗೆ ನಿಂತ್ಲು?" ಎಡಗಾಲಿಗೆ ಕೈ ಹಾಕಿದಳು.

"ಅದೊಂದು ಬಿಚ್ಬ್ಯಾಡಿ ಮೇಡಂ!"

ಟಪ್ಪೆಂದು ಕಾಲು ಕಳಚಿತು. ಮಂಡಿಯ ಕೀಲಿಗೆ, ಒತ್ತೊತ್ತಾಗಿ, ನೀಲಿ ದಾರ ಸುತ್ತಿತ್ತು. ತುದಿಯಲ್ಲಿ ಸಾಸಿವೆಯಷ್ಟು ಗಂಟು.

ಚಿನ್ನಮ್ಮ ಮೊರ ಬಿಟ್ಟು ಕತ್ತು ಚಾಚಿದಳು.

ಹೇಮಶ್ರೀ ಗಂಟನ್ನು ಲೈಟಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಎರಡು ಸುತ್ತು, ತುದಿ ವಾಪಸ್ ಒಳಗೆ," ಅಂದಳು ಮೆಲ್ಲಗೆ. "ಈ ಸೀಸನ್ ಪೂರ್ತಿ ಈ ಗಂಟು ಬಿಚ್ಚಿ ಬಿಚ್ಚಿ ನನ್ನ ಉಗುರು ಹೋಗೈತೆ. ಈ ಕಡೆ ಇಷ್ಟೊಂದು ಎಸ್ಟೇಟ್ ಅವೆ. ಹಿಂಗೆ ಚೀಲ ಕಟ್ಟೋ ಪುಣ್ಯಾತ್ಮ ಒಬ್ನೇ."

ಮೋಹಿತ್ ಮೇಜಿನತ್ತ ಬಗ್ಗಿದ. "ಹಂಗಾದ್ರೆ, ನಂಬರ್ ಹಾಕಿದ್ರೂ ನಮ್ಮ ಚೀಲ ನಿಮಗೆ..."

"ಮೊದಲ್ನೇ ವಾರದಿಂದ." ಅವಳು ಕಾಲನ್ನು ಮತ್ತೆ ಕೂರಿಸಿದಳು, ದಾರ ಕದಲದ ಹಾಗೆ. "ಪರೀಕ್ಷೆ ಮುಗೀತು. ಈಗ ಹೆಸರು ಹೇಳ್ಬೋದು. ಯಾರದ್ರೀ ಇದು?"

ಮೂರು ಗುಡ್ಡ ನಡುಗಿಸುವ ಗಂಟಲು ಇರುವೆಗೂ ಕೇಳಿಸದಷ್ಟು ಸಣ್ಣಗಾಯಿತು.

"ನಿಮ್ದು."

"ಜೋರಾಗಿ."

"ನಿಮ್ದೇ ಮೇಡಂ! ನಿಮಗೇ ತಂದಿದ್ದು! ಎಷ್ಟು ಸಲ ನಿಲ್ಸಿದ್ರೂ ಬೀಳ್ತಿತ್ತು. ನಿಮ್ಮ ಶೆಲ್ಫಲ್ಲಿ ಎಲ್ಲರ ಮುಂದೆ ಬೀಳ್ಬಾರ್ದು ಅಂತ ದಾರ ಸುತ್ದೆ." ಉಸಿರು ತೆಗೆದುಕೊಂಡ. "ನನ್ನ ಮಂಡಿಗೂ ಸುತ್ಕೊಂಡು ಬರ್ಬೇಕಿತ್ತು. ನಿಮ್ಮ ಮುಂದೆ ನಿಂತ್ರೆ ಅದೂ ಹಿಂಗೇ. ಇಷ್ಟ ಕಣ್ರೀ ನೀವಂದ್ರೆ. ಹೇಳೋಕೆ ಬರ್ದೆ ಬಾಲೂನ ಎಳ್ಕೊಂಡು ಬಂದೆ."

"ಸದ್ಯ, ಹೇಳ್ಬುಟ್ಟ!" ಎಂದಳು ಚಿನ್ನಮ್ಮ ಮೊರಕ್ಕೆ.

ಹೇಮಶ್ರೀ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸುವಂಥ ಧೂಳು ಅದರಲ್ಲಿರಲಿಲ್ಲ. ಎದ್ದು ಹೋಗಿ ಓರ್ವಾಳನ್ನು ಶೆಲ್ಫಿನ ಖಾಲಿ ಜಾಗದಲ್ಲಿ, ಪಡೆಯ ಮುಂದೆ ನಿಲ್ಲಿಸಿದಳು.

"ಡೂಪ್ಲಿಕೇಟು. ಪಕ್ಕಾ," ಅಂದಳು, ಬೆನ್ನು ತಿರುಗಿಸಿಕೊಂಡೇ. "ಆದ್ರೆ ವಾಪಸ್ ಕೊಡಲ್ಲ."

ಮೋಹಿತನಿಗೆ ನೆಲ ಎಲ್ಲಿದೆಯೆಂದು ಹುಡುಕಬೇಕಾಯಿತು. ಸಿಕ್ಕ ಮೇಲೆ ರೈಟರ್ ಬುದ್ಧಿ ಮರಳಿತು. "ಮತ್ತೆ ಇವತ್ತಿನ ಕಾಫಿ? ಮಾಯಿಶ್ಚರ್?"

ಚಿನ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಹೇಮಶ್ರೀ ತಿರುಗಿದಳು. ಈ ಸಲ ಕೆಂಪಗಾಗಿದ್ದದ್ದು ಅವಳ ಕಿವಿ.

"ಮಾಯಿಶ್ಚರ್ ಯಾವತ್ತೂ ಸರಿಯಾಗೇ ಇತ್ತು ಕಣೋ ಮಾರಾಯ."

ಜೀಪಿನ ಮುರಿದ ಸ್ಪ್ರಿಂಗ್ ಪಟ್ಟಾಗಳು, ಪಂಕ್ಚರಾದ ಟೈರುಗಳು, ತೋಟದ ಸಾಹುಕಾರರ ಬೈಗುಳ, ಕಣದಲ್ಲಿ ಸುಮ್ಮನೆ ಬೆಂದ ಅಷ್ಟೂ ಕಾಫಿ ಸಾಲಾಗಿ ಅವನ ಕಣ್ಣ ಮುಂದೆ ಬಂದು ನಿಂತವು. ಸಿಟ್ಟು ನೆತ್ತಿಗೇರಿ, ಅಲ್ಲಿ ಜಾಗ ಸಾಲದೆ, ನಗುವಾಗಿ ಕೆಳಗಿಳಿಯಿತು.

"ಹಂಗಾದ್ರೆ ಮುಂದಿನ ವಾರ ಸ್ಯಾಂಪಲ್ ತರೋದು ಬ್ಯಾಡ್ವಾ?"

"ಚೀಲ ಬ್ಯಾಡ," ಅಂದಳು ಹೇಮಶ್ರೀ. "ನೀನೊಬ್ನೇ ಬಾ."